ಓಟದ ಆಟಕ್ಕೆ ಮನೆಯ ಹಾಡು

ಮನುಷ್ಯನು ಯಂತ್ರದೊಡನೆ ಬಾಳಲು ಕಲಿತ ದಿನದಿಂದಲೂ ಅದರ ಸದ್ದಿನ ಮೇಲೆ ತನ್ನದೊಂದು ಹಾಡನ್ನು ಹೊದಿಸುತ್ತ ಬಂದಿದ್ದಾನೆ. ನಮ್ಮ ಮನೆಗಳಲ್ಲಿದ್ದ ಹಳೆಯ ಯಂತ್ರವೆಂದರೆ ಬೀಸುವ ಕಲ್ಲು. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಎದ್ದು ಜೋಳ ಬೀಸುತ್ತಿದ್ದ ತಾಯಂದಿರು ಕಲ್ಲಿನ ಗುರುಗುರು ಸದ್ದನ್ನು ಸುಮ್ಮನೆ ಕೇಳುತ್ತ ಕೂಡಲಿಲ್ಲ. ತವರಿನ ನೆನಪು, ಅಣ್ಣನ ಹಂಬಲ, ತೊಟ್ಟಿಲ ಕೂಸಿನ ಚೆಲುವು ಇವೆಲ್ಲವನ್ನೂ ಅದರ ಮೇಲೆ ಹಾಡಾಗಿ ಹರಿಯಬಿಟ್ಟರು. ಇಂದು ಅದೇ ಮನೆತನದ ಮೊಮ್ಮಗನು ಮೊಬೈಲಿನಲ್ಲಿ ಕಾರು ಓಡಿಸುವ ಆಟವಾಡುತ್ತ, ಆಟದೊಡನೆ ಬಂದ ಸಂಗೀತವನ್ನು ಬಂದು ಮಾಡಿ ತನಗೆ ಬೇಕಾದ ಹಾಡನ್ನು ಹಚ್ಚಿಕೊಳ್ಳುತ್ತಾನೆ. ಇವೆರಡೂ ಒಂದೇ ಮನೋಧರ್ಮದಿಂದ ಹುಟ್ಟಿದ ಕೆಲಸಗಳೆಂದರೆ ಕೆಲವರಿಗೆ ಅತಿಶಯೋಕ್ತಿ ಎನಿಸೀತು. ಈ ತಿಂಗಳು ಆ ಮಾತನ್ನೇ ತುಸು ವಿಚಾರ ಮಾಡೋಣ.

ಇಂಡಿಯ ಲಿಂಬಿ ತೋಟದ ಮನೆಯಿರಲಿ, ಸಿಂದಗಿಯ ಪೇಟೆಯ ಮನೆಯಿರಲಿ, ಮುದ್ದೇಬಿಹಾಳದ ಓಣಿಯಿರಲಿ, ಬಸವನ ಬಾಗೇವಾಡಿಯ ಅಗಸಿಯಿರಲಿ, ಪಾಲಕರ ದೂರು ಒಂದೇ ಆಗಿದೆ: ಹುಡುಗರು ಮೊಬೈಲು ಬಿಡುವುದಿಲ್ಲ, ಅದರ ಗದ್ದಲಕ್ಕೆ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ಈ ದೂರಿನಲ್ಲಿ ಸತ್ಯವಿದೆ. ಆಟಕ್ಕೆ ಹೊತ್ತು ಗೊತ್ತು ಇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಹೊತ್ತು ಆಡುತ್ತಾರೆಂದು ಕೇಳುವ ನಾವು, ಆಡುವಾಗ ಏನನ್ನು ಕೇಳುತ್ತಾರೆಂದು ವಿಚಾರಿಸುವುದಿಲ್ಲ. ಕಣ್ಣಿಗೆ ಬೀಳುವುದನ್ನು ಮಗು ನಾಳೆ ಮರೆತೀತು. ಕಿವಿಯಲ್ಲಿ ನೂರು ಸಲ ಸುಳಿದ ರಾಗ ಮುಪ್ಪಿನವರೆಗೂ ಉಳಿಯುತ್ತದೆ. ಆದ್ದರಿಂದ ಕೇಳುವ ವಿಷಯವನ್ನು ಹಗುರವಾಗಿ ಕಾಣಲಾಗದು.

ಆಟಗಾರನಿಗೆ ಸಂಗೀತದ ಆಯ್ಕೆ ಕೊಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1986ರಲ್ಲಿ ಜಪಾನಿನ ಸೆಗಾ ಕಂಪನಿಯು ‘ಔಟ್ ರನ್’ ಎಂಬ ಕಾರಿನ ಆಟವನ್ನು ಹೊರತಂದಿತು. ಯು ಸುಜುಕಿಯವರು ರೂಪಿಸಿದ ಆ ಆಟದಲ್ಲಿ ಕಾರು ಹೊರಡುವ ಮೊದಲೇ ಪರದೆಯ ಮೇಲೆ ರೇಡಿಯೋ ಮೂಡುತ್ತಿತ್ತು. ಹಿರೋಶಿ ಕವಾಗುಚಿಯವರು ಸಂಯೋಜಿಸಿದ ಮೂರು ರಾಗಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳಬೇಕಿತ್ತು. ಆರಿಸುವ ಹಕ್ಕು ಬಂದಿತಾದರೂ ಹಾಡು ಮಾತ್ರ ಕಂಪನಿಯದೇ. ಮುಂದೆ 1994ರಲ್ಲಿ ನಾಮ್ಕೋ ಕಂಪನಿಯ ‘ರಿಡ್ಜ್ ರೇಸರ್’ ಆಟವು ಸೋನಿಯವರ ಪ್ಲೇಸ್ಟೇಷನ್ ಯಂತ್ರಕ್ಕೆ ಬಂದಾಗ ಒಂದು ಹೊಸ ಸೋಜಿಗ ನಡೆಯಿತು. ಆ ಆಟ ಪೂರ್ತಿಯಾಗಿ ಯಂತ್ರದ ಸ್ಮರಣೆಯೊಳಗೆ ಇಳಿದುಬಿಡುತ್ತಿತ್ತು. ಸಿಡಿ ತಟ್ಟೆಯ ಕೆಲಸ ಆಮೇಲೆ ಹಾಡು ನುಡಿಸುವುದಷ್ಟೇ. ಆದ್ದರಿಂದ ಆಟದ ತಟ್ಟೆಯನ್ನು ತೆಗೆದು ತನ್ನ ಮನೆಯ ಹಾಡಿನ ತಟ್ಟೆಯನ್ನು ಇಟ್ಟರೂ ಕಾರು ನಿಲ್ಲುತ್ತಿರಲಿಲ್ಲ. ಓಟ ಅವರದು, ಹಾಡು ಇವನದು!

2001ರಲ್ಲಿ ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ಬಂದಿತು. ಅದರೊಳಗೆ ಹಾರ್ಡ್ ಡಿಸ್ಕ್ ಇದ್ದುದರಿಂದ ಸಿಡಿಯ ಹಾಡುಗಳನ್ನು ಯಂತ್ರದಲ್ಲಿಯೇ ತುಂಬಿಟ್ಟು ‘ಪ್ರಾಜೆಕ್ಟ್ ಗೋಥಮ್ ರೇಸಿಂಗ್’ನಂಥ ಓಟದ ಆಟಗಳಲ್ಲಿ ಕೇಳಲು ಅನುಕೂಲವಾಯಿತು. 2012ರಲ್ಲಿ ಚೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆಯವರು ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ಲಾರಿ ಓಡಿಸುವ ಆಟವನ್ನು ಹೊರತಂದರು. ಗಣಕಯಂತ್ರದಲ್ಲಿ ಆ ಆಟದ ಫೋಲ್ಡರಿನೊಳಗೆ ‘ಮ್ಯೂಸಿಕ್’ ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ಎಂಪಿ3 ರೂಪದ ಹಾಡುಗಳನ್ನು ಅದರಲ್ಲಿ ಹಾಕಿಟ್ಟರೆ ಸಾಕು, ಲಾರಿಯ ಒಳಗಿನ ಪೆಟ್ಟಿಗೆ ಅವನ್ನೇ ಹಾಡುತ್ತದೆ. ಸಾಮಾನ್ಯ ಮೊಬೈಲಿನ ಆಟಗಳಲ್ಲಿ ಇಷ್ಟು ಸೌಕರ್ಯವಿರುವುದಿಲ್ಲ. ಆದರೂ ಬಹಳಷ್ಟು ಆಟಗಳಲ್ಲಿ ಸಂಗೀತಕ್ಕೆ ಬೇರೆ, ಇಂಜಿನ್ನಿನ ಸದ್ದಿಗೆ ಬೇರೆ ಗುಂಡಿ ಇರುತ್ತವೆ. ಸಂಗೀತವನ್ನಷ್ಟೇ ಆರಿಸಿ, ಮೊಬೈಲಿನ ಹಾಡುಪೆಟ್ಟಿಗೆಯಿಂದ ತಮ್ಮ ಹಾಡು ಹಚ್ಚಿಕೊಂಡು ಹುಡುಗರು ಆಡುತ್ತಾರೆ. ಇಂಜಿನ್ನಿನ ಸದ್ದನ್ನು ಅವರು ಆರಿಸುವುದಿಲ್ಲ. ಗೇರು ಬದಲಿಸುವ ಹೊತ್ತು ತಿಳಿಯುವುದು ಆ ಸದ್ದಿನಿಂದಲೇ ಎಂಬುದು ಅವರಿಗೆ ಗೊತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಟಗಳಲ್ಲಿ ಕೇಳುವ ಪ್ರಸಿದ್ಧ ಹಾಡುಗಳು ಬಹುತೇಕ ಬಾಡಿಗೆಯವು. ಇಂತಿಷ್ಟು ವರ್ಷಗಳಿಗೆಂದು ಹಣ ಕೊಟ್ಟು ಪರವಾನಿಗೆ ಪಡೆದಿರುತ್ತಾರೆ. ಅವಧಿ ತೀರಿತೆಂದರೆ ಹಾಡನ್ನು ತೆಗೆಯಬೇಕಾಗುತ್ತದೆ. ದೊಡ್ಡವರಿಗಾಗಿ ಮಾಡಿದ ‘ಗ್ರ್ಯಾಂಡ್ ಥೆಫ್ಟ್ ಆಟೋ 4’ ಎಂಬ ಆಟ 2008ರಲ್ಲಿ ಬಂದಿತ್ತು. ಹತ್ತು ವರ್ಷ ತುಂಬಿದ 2018ರಲ್ಲಿ ಅದರ ಕಾರುಗಳ ರೇಡಿಯೋದಿಂದ ಅನೇಕ ಹಾಡುಗಳು ಮಾಯವಾದವು. ‘ಫೋರ್ಜಾ ಹೊರೈಜನ್ 4’ ಎಂಬ ಓಟದ ಆಟವನ್ನು ಪರವಾನಿಗೆಗಳ ಕಾರಣದಿಂದ 2024ರ ಡಿಸೆಂಬರಿನಲ್ಲಿ ಮಾರಾಟದಿಂದಲೇ ಹಿಂತೆಗೆದುಕೊಂಡರು. ಹಣ ಕೊಟ್ಟು ಕೊಂಡವನಿಗೂ ಬಾಡಿಗೆಯ ಹಾಡು ತನ್ನದಾಗುವುದಿಲ್ಲ. ಮನೆಯ ಹಾಡಿಗೆ ಈ ಅವಧಿಯ ಭಯವಿಲ್ಲ. ಅದಕ್ಕಿರುವ ಭಯ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಹಾಗಾದರೆ ನಮ್ಮ ಓಟಕ್ಕೆ ನಮ್ಮ ಹಾಡು ಯಾವುದು? ಓಟವೂ ಸದ್ದೂ ನಮ್ಮ ನಾಡಿಗೆ ಹೊಸತಲ್ಲ. ಜಾತ್ರೆಯಲ್ಲಿ ಎತ್ತಿನ ಬಂಡಿಗಳು ಸ್ಪರ್ಧೆಗೆ ನಿಂತಾಗ ಹಲಗಿಯ ಪೆಟ್ಟು, ಕೊರಳ ಗೆಜ್ಜೆಯ ಸದ್ದು, ಜನರ ಕೇಕೆ ಇವೇ ಆ ಓಟದ ಸಂಗೀತ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಹೂಡಿಕೊಂಡು ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳನ್ನು ನೋಡಿರಿ. ರಾತ್ರಿಯೆಲ್ಲ ನಿದ್ದೆಗೆಡುವ ಚಾಲಕನು ದೊಡ್ಡ ಧ್ವನಿಪೆಟ್ಟಿಗೆ ಕಟ್ಟಿಕೊಂಡು ತನ್ನ ಮೆಚ್ಚಿನ ಜಾನಪದ ಹಾಡು ಹಚ್ಚಿಯೇ ಹೊರಡುತ್ತಾನೆ. ಕೆಲವು ಹಾಡುಗಳ ಮಾತು ಮನೆಮಂದಿ ಕೂಡಿ ಕೇಳುವಂತಿರುವುದಿಲ್ಲ ಎಂಬುದೂ ನಿಜ. ಮಕ್ಕಳೂ ಅವನ್ನೇ ಆಟಕ್ಕೆ ಹಚ್ಚಿಕೊಂಡರೆ ಬೈದು ಫಲವಿಲ್ಲ. ಬೇರೆ ಹಾಡು ಅವರ ಕೈಗೆ ಸಿಗುವಂತೆ ನಾವು ಇಟ್ಟಿದ್ದೇವೆಯೇ ಎಂಬುದು ಮೊದಲ ಪ್ರಶ್ನೆ.

ಕರಡಿ ಮಜಲು, ಡೊಳ್ಳಿನ ಪದ, ಗೀಗೀ ಪದ, ಲಾವಣಿ, ಭಜನೆಯ ಪದ, ಮೊಹರಮ್ಮಿನ ರಿವಾಯತ ಪದ, ಬೀಸುವ ಪದ, ಸೋಬಾನೆ ಪದ: ಈ ನಾಲ್ಕು ತಾಲೂಕುಗಳ ಹಾಡಿನ ಕಣಜ ಬರಿದಾಗಿಲ್ಲ. ಯಾವ ಹಾಡು ಯಾವ ಆಟಕ್ಕೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ತಾಸಿಗೆ ಇನ್ನೂರು ಕಿಲೋಮೀಟರು ವೇಗದಲ್ಲಿ ಓಡುವ ಕಾರಿಗೆ ಬೀಸುವ ಪದ ಒಗ್ಗಲಾರದು. ಅದರ ನಡಿಗೆ ಕಲ್ಲಿನ ಸುತ್ತಿನ ನಡಿಗೆ. ಕಾರಿನ ಓಟಕ್ಕೆ ಹಲಗಿ ಬೇಕು, ಕರಡಿ ಮಜಲು ಬೇಕು. ಊರಿಂದೂರಿಗೆ ನಿಧಾನವಾಗಿ ಸಾಗುವ ಲಾರಿಯ ಆಟಕ್ಕೆ ಬೀಸುವ ಪದ ಹೇಳಿ ಮಾಡಿಸಿದಂತಿದೆ. ಮೂರು ಸಾಲಿನ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡಿ ನಾಲ್ಕು ಸಾಲು ಮಾಡುತ್ತಾರೆ. ಆ ಮರಳುವಿಕೆಯಲ್ಲಿಯೇ ದೂರದ ದಾರಿಯ ಗುಣವಿದೆ. ಯಾವ ಹಾಡು ಯಾವ ಓಟಕ್ಕೆ ಹೊಂದೀತೆಂದು ಹುಡುಗನು ತಾನೇ ಹುಡುಕತೊಡಗಿದನೆಂದರೆ ತಾಳ, ಲಯಗಳ ಮೊದಲ ಪಾಠ ಅಲ್ಲಿಯೇ ಆಯಿತು.

ಈಗ ಮನೆಯ ಹಾಡಿಗಿರುವ ಭಯದ ಮಾತು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ನಮ್ಮ ಹೆಣ್ಣುಮಕ್ಕಳ ಹಾಡುಗಳನ್ನು ಬರೆದಿಟ್ಟುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಹೊರಬಂದಾಗ ಕನ್ನಡ ನಾಡೇ ಅದಕ್ಕೆ ತಲೆದೂಗಿತು. ಆ ಮಹನೀಯರು ಬರೆದಿಡದಿದ್ದರೆ ಎಷ್ಟೋ ಹಾಡುಗಳು ಮಣ್ಣುಪಾಲಾಗುತ್ತಿದ್ದವು. ಆದರೆ ಕಾಗದವು ಮಾತನ್ನು ಹಿಡಿದೀತು, ಕೊರಳನ್ನು ಹಿಡಿಯಲಾರದು. ಎಲ್ಲಿ ಧ್ವನಿ ಎಳೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಮಾತಿಗೆ ಕಣ್ಣು ತುಂಬಿ ಬರುತ್ತದೆ ಎಂಬುದು ಹಾಡಿದವರೊಡನೆಯೇ ಹೋಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಅದರ ಹಿಂದೆಯೇ ಹಾಡೂ ಮೂಲೆ ಸೇರಿತು. ಕಲ್ಲಿನ ಮುಂದೆ ಕುಳಿತು ಕಲಿತ ಅಜ್ಜಿಯರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರಿಂದ ಕಲಿತವರು ಮನೆಗೊಬ್ಬರಾದರೂ ಇದ್ದಾರೆಯೇ? ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕೃಷ್ಣಾತೀರದಲ್ಲಿ ಆಣೆಕಟ್ಟಿನ ಹಿನ್ನೀರಿಗೆ ಊರನ್ನೇ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಮನೆತನಗಳಿವೆ. ನೀರಿನಡಿಯಲ್ಲಿರುವ ಆ ಊರಿನ ಗುಡಿಯ, ಬಾವಿಯ, ಬನ್ನಿಗಿಡದ ಹೆಸರು ಯಾವುದೋ ಅಜ್ಜಿಯ ಪದದಲ್ಲಿ ಇನ್ನೂ ಉಳಿದಿರಬಹುದು. ಆ ಕೊರಳು ನಿಂತರೆ ಊರು ಎರಡನೆಯ ಸಲ ಮುಳುಗಿದಂತೆ.

ಹಲಸಂಗಿಯ ಗೆಳೆಯರ ಕೈಯಲ್ಲಿ ಇಲ್ಲದ ಸಾಧನ ಇಂದು ಹದಿಮೂರು ವರುಷದ ಹುಡುಗನ ಕೈಯಲ್ಲಿದೆ. ಆಟ ಆಡುವ ಮೊಬೈಲಿನಲ್ಲಿಯೇ ಧ್ವನಿಮುದ್ರಣವೂ ಆಗುತ್ತದೆ. ಪಾಲಕರು ಹುಡುಗನಿಗೆ ಹೀಗೆ ಹೇಳಿ ನೋಡಲಿ: “ನಿನ್ನ ಲಾರಿಗೆ ಯಾರ ಹತ್ತಿರವೂ ಇಲ್ಲದ ಹಾಡು ಬೇಕೇನಪ್ಪಾ? ಹಾಗಾದರ ಆಯಿಯ ಹತ್ತಿರ ಹೋಗು.” ಪಂಖ ನಿಲ್ಲಿಸಿ, ಟಿವಿ ಬಂದು ಮಾಡಿ, ಮೊಬೈಲನ್ನು ಆಯಿಯ ಮುಂದೆ ಒಂದು ಮೊಳ ದೂರದಲ್ಲಿ ಇಡಬೇಕು. ಬೇಳೆ ಒಡೆಯುವ ಕಲ್ಲು ಮನೆಯಲ್ಲಿದ್ದರೆ ಅದನ್ನು ಮುಂದಿಟ್ಟು ತಿರುಗಿಸುತ್ತ ಹಾಡಲು ಹೇಳುವುದು ಇನ್ನೂ ಒಳ್ಳೆಯದು. ಕೈ ತಿರುಗಿದರೆ ಮರೆತ ಪದವೂ ನೆನಪಾಗುತ್ತದೆ. ಹಾಡು ಮುಗಿದ ಮೇಲೆ ಅದನ್ನು ಯಾರಿಂದ ಕಲಿತಿರಿ, ಯಾವ ಊರಲ್ಲಿ, ಯಾವ ಹೊತ್ತಿಗೆ ಹಾಡುತ್ತಿದ್ದಿರಿ ಎಂದು ಕೇಳಿ ಅದನ್ನೂ ಮುದ್ರಿಸಿಕೊಳ್ಳಬೇಕು. ತಾರೀಖು ಬರೆದಿಟ್ಟು ಎರಡು ಕಡೆ ಪ್ರತಿ ಇಡಬೇಕು. ಎಂಪಿ3 ರೂಪಕ್ಕೆ ಬದಲಿಸಿದ ಒಂದು ಪ್ರತಿ ಆಟದ ಫೋಲ್ಡರಿಗೆ ಹೋಗಲಿ.

ಎರಡು ಎಚ್ಚರಿಕೆಯ ಮಾತುಗಳು. ಮೊದಲನೆಯದು, ಒಪ್ಪಿಗೆಯ ವಿಷಯ. ಪರಂಪರೆಯ ಪದಕ್ಕೆ ಒಡೆಯರಿಲ್ಲದಿದ್ದರೂ ಹಾಡುವ ಕೊರಳಿಗೆ ಒಡೆತನವಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಹಾಡುವವರ ಹಕ್ಕನ್ನೂ ಮಾನ್ಯ ಮಾಡಿದೆ. ಆಯಿಯ ಹಾಡನ್ನು ಮನೆಯೊಳಗೆ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಹಂಚುವ ಮೊದಲು ಅವರನ್ನು ಕೇಳುವುದು ಕಾಯಿದೆಗಿಂತ ಹೆಚ್ಚಾಗಿ ಮರ್ಯಾದೆಯ ಮಾತು. ಎರಡನೆಯದು, ಆಟದ ರಸ್ತೆಯಲ್ಲಿ ಕಿವಿ ತುಂಬ ಹಾಡು ಇರಲಿ. ನಿಜವಾದ ರಸ್ತೆಯಲ್ಲಿ ಬೇಡ. ಸಿಂದಗಿಯ ಮೇಲೆ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೋಟಾರ್‌ಸೈಕಲ್ ಓಡಿಸುವ ತರುಣರಿಗೆ ಹಿಂದಿನ ಲಾರಿಯ ಹಾರ್ನು ಕೇಳಿಸುವುದಿಲ್ಲ. ಆಟದಲ್ಲಿ ಕಾರು ಕೆಡವಿದರೆ ಮರಳಿ ಹೊರಡಬಹುದು, ಇಲ್ಲಿ ಹಾಗಿಲ್ಲ.

ಆಯಿಯ ಪದ ಕೇಳಿ ಹುಡುಗನು ಆಟ ಬಿಟ್ಟು ಓದಲು ಕೂಡುತ್ತಾನೆಂಬ ಭ್ರಮೆ ನಮಗಿಲ್ಲ. ಗೆಳೆಯರ ಮುಂದೆ ಒಂದೆರಡು ದಿನ ನಾಚಿಕೊಂಡು ಮತ್ತೆ ಡಿಜೆ ಹಾಡಿಗೇ ಮರಳಿದರೂ ಅಚ್ಚರಿಯಿಲ್ಲ. ಆದರೆ ಆ ಧ್ವನಿ ಆಗ ಮೊಬೈಲಿನೊಳಗೆ ಇರುತ್ತದೆ. ಬೆಂಗಳೂರಿಗೋ ಪುಣೆಗೋ ನೌಕರಿಗೆಂದು ಹೋದ ಮೇಲೆ, ಒಂದು ರಾತ್ರಿ ಅವನೇ ಹುಡುಕಿ ಅದನ್ನು ಹಚ್ಚಿಯಾನು. ಆಗ ಹಚ್ಚಲು ಏನಾದರೂ ಇರಬೇಕಲ್ಲವೆ? ಬರುವ ಅಮಾವಾಸ್ಯೆಗೋ ಹುಣ್ಣಿಮೆಗೋ ಮಕ್ಕಳು ಮನೆಯಲ್ಲಿರುವ ದಿನ, ಮನೆಯ ಹಿರಿಯರನ್ನು ಕೂಡ್ರಿಸಿ ಒಂದೇ ಒಂದು ಪದವನ್ನಾದರೂ ಮುದ್ರಿಸಿಕೊಳ್ಳಿರೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.