ಬಸ್‌ನಿಲ್ದಾಣದ ಅಂಗಳ

2024ರ ಡಿಸೆಂಬರಿನಲ್ಲಿ ತಿರುವನಂತಪುರದ ಕಿಳಕ್ಕೇಕೋಟೆಯಲ್ಲಿ ರಸ್ತೆ ದಾಟುತ್ತಿದ್ದ ಬ್ಯಾಂಕ್ ನೌಕರರೊಬ್ಬರು ಒಂದು ಸರಕಾರಿ ಬಸ್ಸಿಗೂ ಒಂದು ಖಾಸಗಿ ಬಸ್ಸಿಗೂ ನಡುವೆ ಸಿಕ್ಕಿ ಪ್ರಾಣಬಿಟ್ಟರು. ಇಂತಹ ಸಾವು ಸಂಭವಿಸಿದಾಗಲೆಲ್ಲ ನಮ್ಮ ದೇಶದಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ಡ್ರೈವರನ ಅಜಾಗರೂಕತೆ. ಪೋಲೀಸರು ಮೊಕದ್ದಮೆ ಹೂಡುತ್ತಾರೆ. ಹಿಂದೆ ಭಾರತೀಯ ದಂಡಸಂಹಿತೆಯ 304-ಎ ಕಲಮಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಬಂದಿದೆ, ಶಿಕ್ಷೆಯ ಮಿತಿ ಎರಡು ವರ್ಷದಿಂದ ಐದಕ್ಕೆ ಏರಿದೆ. ಅಜಾಗರೂಕತೆಯಿಂದ ಬಸ್ಸು ನಡೆಸುವವನಿಗೆ ಶಿಕ್ಷೆಯಾಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಜನರೂ ಬಸ್ಸುಗಳೂ ಒಂದೇ ನೆಲದ ಮೇಲೆ ಒಬ್ಬರ ಮೈಗೊಬ್ಬರು ಉಜ್ಜಿಕೊಂಡು ಓಡಾಡುವಂತೆ ಆ ಜಾಗವನ್ನು ಬಿಟ್ಟವರ ಮೇಲೆ ಎಂದಾದರೂ ಮೊಕದ್ದಮೆ ಆದದ್ದುಂಟೆ? ನಿಲ್ದಾಣದ ನಕ್ಷೆ ಬರೆದವರನ್ನು, ಅದಕ್ಕೆ ಸಹಿ ಹಾಕಿದವರನ್ನು ಯಾರಾದರೂ ಕರೆದು ಕೇಳಿದ್ದುಂಟೆ?

ಕಿಳಕ್ಕೇಕೋಟೆಯನ್ನು ಕಂಡವರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಪದ್ಮನಾಭಸ್ವಾಮಿ ದೇವಾಲಯ, ಇನ್ನೊಂದು ಕಡೆ ಚಾಲೈ ಪೇಟೆ, ನಡುವೆ ನಗರದ ಬಸ್ಸುಗಳೆಲ್ಲ ಬಂದು ಸೇರುವ ಜಾಗ. ಹೆಸರಿಗೆ ಅದು ನಿಲ್ದಾಣ, ನಿಜವಾಗಿ ರಸ್ತೆಯೇ. ಮುಂದಿನ ಬಸ್ಸಿನ ಹಿಂಭಾಗಕ್ಕೂ ಹಿಂದಿನ ಬಸ್ಸಿನ ಮೂತಿಗೂ ನಡುವಣ ಸಂದಿಯಲ್ಲಿ ಜನ ನುಸುಳುತ್ತಾರೆ. ಅವರಿಗೆ ಬುದ್ಧಿಯಿಲ್ಲವೆಂದಲ್ಲ, ಹೊರಡಲಿರುವ ಬಸ್ಸು ಆಚೆ ಕಾಣುತ್ತಿರುತ್ತದೆ, ಅದು ತಪ್ಪಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಡ್ರೈವರನಿಗೆ ತನ್ನ ಬಸ್ಸಿನ ಮೂತಿಯ ಕೆಳಗೆ, ಎಡ ಮೂಲೆಯಲ್ಲಿ, ಹಿಂದೆ ಏನಿದೆಯೆಂಬುದು ಕಾಣುವುದಿಲ್ಲ. ಈ ಎರಡು ಸಂಗತಿಗಳು ಸೇರಿದ ಕಡೆ ಅಪಘಾತವಾಗದಿದ್ದರೆ ಅದೇ ಆಶ್ಚರ್ಯ.

2022ರಲ್ಲಿ ಅಲ್ಲಿ ಒಂದು ಮೇಲ್ಸೇತುವೆಯನ್ನು ಕಟ್ಟಿದರು. ಉದ್ದ 104 ಮೀಟರು, ಲಿಫ್ಟೂ ಇದೆ. ಒಳ್ಳೆಯ ಕೆಲಸವೇ, ಅಲ್ಲವೆನ್ನುವುದಿಲ್ಲ. ಆದರೂ ಮೇಲ್ಸೇತುವೆಯ ಹಿಂದಿರುವ ವಿಚಾರವೇನೆಂದು ನೋಡಬೇಕು. ಬಸ್ಸು ನೆಲದ ಮೇಲೆ ನಿರಾತಂಕವಾಗಿ ಹೋಗಲಿ, ಮನುಷ್ಯನು ಹತ್ತಿ ಇಳಿಯಲಿ ಎಂಬುದೇ ಅದು. ಚಾಲೈಯಿಂದ ಅಕ್ಕಿಯ ಚೀಲ ಹೊತ್ತು ಬರುವ ಹೆಂಗಸು, ಮಂಡಿನೋವಿನ ಮುದುಕ, ಓಡುತ್ತಿರುವ ಶಾಲೆಯ ಹುಡುಗ, ಇವರಲ್ಲಿ ಯಾರು ಹತ್ತುತ್ತಾರೆ? ಸೇತುವೆ ಕಟ್ಟಿ ಎರಡು ವರ್ಷವಾದ ಮೇಲೆಯೇ ಆ ಸಾವು ಸಂಭವಿಸಿತೆಂಬುದನ್ನು ಮರೆಯುವಂತಿಲ್ಲ.

ಆ ನಗರಕ್ಕೆ ಸರಕಾರಿ ಬಸ್ಸು ಹೊಸತೇನಲ್ಲ. ತಿರುವಾಂಕೂರು ಸಂಸ್ಥಾನವು 1938ರ ಫೆಬ್ರವರಿ 20ರಂದೇ ಸರಕಾರಿ ಸಾರಿಗೆಯನ್ನು ಆರಂಭಿಸಿತು. ಅದಕ್ಕಾಗಿ ಲಂಡನ್ನಿನ ಸಾರಿಗೆ ಮಂಡಲಿಯಿಂದ ಸಾಲ್ಟರ್ ಎಂಬ ಅಧಿಕಾರಿಯನ್ನು ಕರೆಸಿಕೊಂಡಿದ್ದರು. 1965ರಲ್ಲಿ ಅದೇ ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. (ನಮ್ಮ ಕರ್ನಾಟಕದ ನಿಗಮಕ್ಕೂ ಅವರಿಗೂ ಇಂಗ್ಲಿಷಿನ ಐದು ಅಕ್ಷರಗಳಿಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆದದ್ದನ್ನು ಓದುಗರು ಬಲ್ಲರು. ಆ ಶ್ರಮದಲ್ಲಿ ಸ್ವಲ್ಪವನ್ನಾದರೂ ನಿಲ್ದಾಣದ ಶೌಚಗೃಹಗಳ ಮೇಲೆ ಎರಡೂ ಕಡೆಯವರು ಖರ್ಚು ಮಾಡಿದ್ದರೆ ಪ್ರಯಾಣಿಕರು ಹರಸುತ್ತಿದ್ದರು.) ಇಷ್ಟು ಹಳೆಯ ಅನುಭವವುಳ್ಳ ಸಂಸ್ಥೆಯ ಇತ್ತೀಚಿನ ನಿಲ್ದಾಣಗಳು ಹೇಗೆ ಎದ್ದವು? ರೈಲ್ವೆ ನಿಲ್ದಾಣದ ಎದುರಿಗೇ ಇರುವ ತಂಪಾನೂರಿನಲ್ಲಿ 2014ರಲ್ಲಿ ಬಹುಮಹಡಿಯ ಕಟ್ಟಡ ಎದ್ದಿತು. ಕಲ್ಲಿಕೋಟೆಯಲ್ಲಿ 2015ರಲ್ಲಿ ಇನ್ನೊಂದು. ಎರಡರಲ್ಲೂ ಲೆಕ್ಕಾಚಾರ ಒಂದೇ: ಕೆಳಗೆ ಬಸ್ಸು, ಮೇಲೆ ಅಂಗಡಿ, ಅಂಗಡಿಯ ಬಾಡಿಗೆಯಿಂದ ಸಾಲ ತೀರುತ್ತದೆ. ಅಂಗಡಿಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಕಲ್ಲಿಕೋಟೆಯಲ್ಲಂತೂ ಕಂಬಗಳ ನಡುವೆ ಬಸ್ಸು ತಿರುಗಲು ಸಾಕಷ್ಟು ಜಾಗವಿಲ್ಲದೆ, 2022ರಲ್ಲಿ ಒಂದು ಹೊಸ ಬಸ್ಸು ಎರಡು ಕಂಬಗಳ ಮಧ್ಯೆ ಸಿಕ್ಕಿಕೊಂಡು ಊರಿಗೆಲ್ಲ ನಗೆಪಾಟಲಾಯಿತು. ಬಸ್‌ನಿಲ್ದಾಣ ಕಟ್ಟುವಾಗ ಬಸ್ಸಿನ ಅಗಲವನ್ನು ಡ್ರೈವರನೊಬ್ಬನಲ್ಲಿ ಕೇಳಿದ್ದರೆ ಸಾಕಿತ್ತು. ಬಸ್ಸಿಗೇ ಈ ಗತಿಯಾದರೆ ಕುರುಡನಿಗೆ, ಗಾಲಿಕುರ್ಚಿಯವನಿಗೆ ಆ ನಕ್ಷೆಯಲ್ಲಿ ಎಷ್ಟು ಸ್ಥಳ ಸಿಕ್ಕಿರಬಹುದು?

ಎರ್ನಾಕುಳಂ ನಿಲ್ದಾಣದ ಕಥೆ ಬೇರೆ. ಅದು ತಗ್ಗಿನಲ್ಲಿದೆ. ಮಳೆಗಾಲ ಬಂತೆಂದರೆ ಕೊಳಚೆನೀರು ಒಳಗೆ ನುಗ್ಗುತ್ತದೆ. ಜನರು ಚಪ್ಪಲಿ ಕೈಯಲ್ಲಿ ಹಿಡಿದು, ಗಂಟು ತಲೆಯ ಮೇಲಿಟ್ಟು ಬಸ್ಸು ಹತ್ತಬೇಕು. ನೀರಿನ ಕೆಳಗೆ ಮೆಟ್ಟಿಲಿದೆಯೋ ಗುಂಡಿಯಿದೆಯೋ ಕಣ್ಣಿದ್ದವನಿಗೂ ತಿಳಿಯದು. ಅದೇ ಕೊಚ್ಚಿಯಲ್ಲಿ 2017ರ ಜೂನಿನಲ್ಲಿ ಮೆಟ್ರೋ ರೈಲು ಓಡಲಾರಂಭಿಸಿತು. 2023ರ ಏಪ್ರಿಲಿನಲ್ಲಿ ಜಲಮೆಟ್ರೋ ಬಂತು. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟುಗಳಿವೆ, ಕುರುಡರ ಕಾಲಿಗೆ ದಾರಿ ತೋರುವ ಉಬ್ಬುಗೆರೆಯ ಹಾಸುಗಲ್ಲುಗಳಿವೆ. ಜಲಮೆಟ್ರೋದ ತೇಲುವ ಕಟ್ಟೆಯಾದರೋ ನೀರಿನ ಏರಿಳಿತದೊಂದಿಗೆ ತಾನೂ ಏರಿಳಿದು, ದೋಣಿಯ ನೆಲಕ್ಕೆ ಸರಿಸಮವಾಗಿ ನಿಲ್ಲುತ್ತದೆ. ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುತ್ತದೆ. ಅಲುಗಾಡುವ ನೀರಿನ ಮೇಲೆ ಸಾಧ್ಯವಾದದ್ದು ಗಟ್ಟಿ ನೆಲದ ಮೇಲೆ ಏಕೆ ಸಾಧ್ಯವಿಲ್ಲ? ವೈಟ್ಟಿಲದಲ್ಲಿ 2011ರಿಂದ ಬಸ್‌ನಿಲ್ದಾಣವಿದೆ, ಅದರ ಬದಿಯಲ್ಲೇ ಮೆಟ್ರೋ, ಅದರ ಹಿಂದೆ ಜಲಮೆಟ್ರೋದ ಕಟ್ಟೆ. ಮೂರನ್ನೂ ಒಂದೇ ದಿನ ಬಳಸುವ ಕೂಲಿಗಾರನಿಗೆ ತಾನು ಯಾವುದರಲ್ಲಿ ಪ್ರಜೆ, ಯಾವುದರಲ್ಲಿ ಸರಕು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಹಣವಿಲ್ಲವೆಂಬುದು ಹಳೆಯ ನೆಪ. ಆ ಉಬ್ಬುಗೆರೆಯ ಕಲ್ಲನ್ನೇ ತೆಗೆದುಕೊಳ್ಳಿ. ಜಪಾನಿನ ಒಕಾಯಾಮಾ ನಗರದಲ್ಲಿ ಸೇಇಚಿ ಮಿಯಾಕೆ ಎಂಬಾತ ಅದನ್ನು ಕಂಡುಹಿಡಿದು, 1967ರಲ್ಲಿ ಕುರುಡರ ಶಾಲೆಯೊಂದರ ಹತ್ತಿರ ಮೊದಲ ಬಾರಿಗೆ ಹಾಸಿಸಿದ. ಸಿಮೆಂಟಿನಿಂದ ಎರಕಹೊಯ್ಯಬಹುದಾದ ವಸ್ತು ಅದು. ಇಳಿಜಾರು ದಾರಿಯ ಲೆಕ್ಕವೂ ಮೇಸ್ತ್ರಿಗೆ ತಿಳಿದದ್ದೇ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಇಷ್ಟಕ್ಕೆ ವಿದೇಶೀ ಸಾಲ ಬೇಡ.

ಇದು ದಯೆಯ ಪ್ರಶ್ನೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 41ನೆಯ ಕಲಮು ಬಸ್‌ನಿಲ್ದಾಣಗಳನ್ನು ಹೆಸರಿಸಿಯೇ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕೆಂದು 45ನೆಯ ಕಲಮು. ನಿಯಮಗಳು ಪ್ರಕಟವಾದದ್ದು 2017ರ ಜೂನಿನಲ್ಲಿ. ಗಡುವು 2022ರ ಜೂನಿಗೇ ಮುಗಿಯಿತು. ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ, ಬರಿಯ ಮಾರ್ಗದರ್ಶನದ ಮಾತುಗಳು ಸಾಲವು, ಕಡ್ಡಾಯವಾದ ನಿಯಮಗಳೇ ಬೇಕೆಂದು ಹೇಳಿತು. ಅಂಗವಿಕಲರು ಎಷ್ಟು ಮಂದಿ ಬರುತ್ತಾರೆಂದು ಡಿಪೋದ ಅಧಿಕಾರಿಗಳು ಕೇಳುವುದುಂಟು. ಬರಲಾಗದ ಹಾಗೆ ಕಟ್ಟಿ, ಬಂದವರನ್ನು ಎಣಿಸುವುದು ವಿಚಿತ್ರ ಗಣಿತ! ಅಲ್ಲದೆ 2011ರ ಜನಗಣತಿಯಂತೆ ಕೇರಳದ ಜನರಲ್ಲಿ ನೂರಕ್ಕೆ ಹನ್ನೆರಡೂವರೆಗಿಂತ ಹೆಚ್ಚು ಮಂದಿ ಅರುವತ್ತು ದಾಟಿದವರು, ದೇಶದಲ್ಲೇ ಹೆಚ್ಚು. ಅವರೆಲ್ಲರ ಮೊಣಕಾಲೂ ಈ ಲೆಕ್ಕಕ್ಕೆ ಸೇರಬೇಕು. ಬಸುರಿಯರೂ, ಕೈಗೂಸಿನ ತಾಯಂದಿರೂ ಸೇರಬೇಕು.

ದೂರದ ಕೇರಳದ ನಿಲ್ದಾಣಗಳ ಗೊಡವೆ ಕನ್ನಡಿಗರಿಗೇಕೆಂದು ಕೆಲವರಾದರೂ ಕೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಮಂಜೇಶ್ವರದ, ಕುಂಬಳೆಯ, ಬದಿಯಡ್ಕದ ಕನ್ನಡಿಗನಿಗೆ ಸೆಕ್ರೆಟೇರಿಯಟ್ಟಿನ ಕೆಲಸವೆಂದರೆ ರಾಜ್ಯದ ಮತ್ತೊಂದು ತುದಿಯ ತಿರುವನಂತಪುರ. ಹೈಕೋರ್ಟಿನ ಕೆಲಸವೆಂದರೆ ಎರ್ನಾಕುಳಂ. ರಾತ್ರಿಯಿಡೀ ಪ್ರಯಾಣಮಾಡಿ ಬೆಳಗಿನ ಜಾವ ಇಳಿಯುವ ಪೆನ್ಶನ್ನಿನ ಮುದುಕಿಗೆ ಮೊದಲು ಎದುರಾಗುವುದು ಆ ಅಂಗಳವೇ. ಹೋಟೆಲು ಕೆಲಸಕ್ಕೆ ಬಂದ ನಮ್ಮ ಹುಡುಗರು, ಶಬರಿಮಲೆಯ ಯಾತ್ರಿಕರು ಇಳಿಯುವುದೂ ಅಲ್ಲೇ. ಬಸ್ಸಿನ ಹಣೆಯ ಮೇಲಿನ ಬರಹ ಮಲಯಾಳದಲ್ಲಿ. ಅದನ್ನು ಓದಲಾರದವನು ಏನು ಮಾಡುತ್ತಾನೆ? ಬಸ್ಸಿನಿಂದ ಬಸ್ಸಿಗೆ ಓಡಿ ಕಂಡಕ್ಟರನ್ನು ಕೇಳುತ್ತಾನೆ. ಎಂದರೆ ಅಪಾಯದ ಅಂಗಳದಲ್ಲೇ ಹೆಚ್ಚು ಹೊತ್ತು ಇರುತ್ತಾನೆ. ಓದಲಾಗದ ಫಲಕವೂ ಹೀಗೆ ಅಪಘಾತಕ್ಕೆ ಕಾರಣವಾಗುತ್ತದೆ. ಊರಿನ ಹೆಸರಿನೊಡನೆ ಅಂಕೆಗಳನ್ನೂ ಬರೆಯುವ ಕ್ರಮವನ್ನು ಕೇರಳದ ನಿಗಮವು 2025ರಲ್ಲಿ ಪ್ರಕಟಿಸಿತು. ಬಂಗಾಳದಿಂದ, ಅಸ್ಸಾಮಿನಿಂದ ಬಂದ ಕೂಲಿಗಾರರಿಗೂ ಇದರಿಂದ ಉಪಕಾರವಾಗುವುದು. ಅಂಕೆಗೆ ಭಾಷೆಯ ಜಗಳವಿಲ್ಲ.

ನಿಲ್ದಾಣದಲ್ಲಿ ದುಡಿಯುವವರ ಮಾತನ್ನೂ ಇಲ್ಲೇ ಹೇಳಬೇಕು. ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರನೇ ಕೆಳಗಿಳಿದು ಸೀಟಿ ಊದಬೇಕು. ಅವನ ಕಾಲಿನ ಮೇಲೆ ಚಕ್ರ ಹೋಗದಂತೆ ಸೀಟಿ ಊದುವವರು ಯಾರು? ಬಸ್ಸು ಹಿಂದಕ್ಕೆ ಬರುವ ಅಗತ್ಯವೇ ಇಲ್ಲದಂತೆ, ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗುವಂತೆ ಅಂಗಳವನ್ನು ಮಾಡಬಹುದು. ಮಾಡಲಾಗದಷ್ಟು ಇಕ್ಕಟ್ಟಾದ ಕಡೆ, ಬಸ್ಸುಗಳ ಮೂತಿಯ ಕಡೆಗೇ ಜನರ ಕಟ್ಟೆಯಿರಲಿ, ಹಿಂದಿನ ಜಾಗಕ್ಕೆ ಯಾರೂ ಕಾಲಿಡದಂತೆ ಕಂಬಿ ಹಾಕಲಿ. ರಾತ್ರಿ ಪಾಳಿಯ ಮಹಿಳಾ ಕಂಡಕ್ಟರಿಗೆ ಚಿಲಕವಿರುವ ಶೌಚಗೃಹ, ಅಲ್ಲಿಯವರೆಗೆ ದೀಪ. ಪ್ರಯಾಣಿಕ ಹೆಂಗಸರಿಗೂ ಬೇಕಾದದ್ದು ಅದೇ.

ಎರ್ನಾಕುಳಂ ನಿಲ್ದಾಣವನ್ನು ಸಮೀಪದ ಕಾರಿಕ್ಕಾಮುರಿಯ ಜಾಗಕ್ಕೆ ಒಯ್ಯುವ ಯೋಜನೆ 2024ರಲ್ಲಿ ಹೊರಬಿತ್ತು. ಹೊಸ ನಿಲ್ದಾಣದ ನಕ್ಷೆಯನ್ನು ಗುತ್ತಿಗೆದಾರನ ಕೈಗೆ ಕೊಡುವ ಮೊದಲು ಡ್ರೈವರ್-ಕಂಡಕ್ಟರುಗಳ ಸಂಘಗಳ ಮುಂದೆ, ಕುರುಡರ ಮತ್ತು ಗಾಲಿಕುರ್ಚಿ ಬಳಸುವವರ ಸಂಘಗಳ ಮುಂದೆ ಇಡಬೇಕೆಂದು ಕಾಸರಗೋಡಿನ ಕನ್ನಡ ಸಂಘಗಳು ಈಗಲೇ ಬರೆಯಲಿ. ಮಲಯಾಳ ಬಾರದೆಂದು ಹಿಂಜರಿಯಬೇಕಾಗಿಲ್ಲ. ತಮಿಳರೂ ಕನ್ನಡಿಗರೂ ಸೆಕ್ರೆಟೇರಿಯಟ್ಟಿಗೆ ತಂತಮ್ಮ ಭಾಷೆಯಲ್ಲೇ ಪತ್ರ ಬರೆಯಬಹುದೆಂದು ಕೇರಳದ 1969ರ ರಾಜ್ಯಭಾಷಾ ಕಾಯಿದೆಯೇ ಒಪ್ಪಿದೆ. ಅರ್ಜಿ ಕನ್ನಡದಲ್ಲೇ ಹೋಗಲಿ, ಅದರ ಒಂದು ಪ್ರತಿ ಸಾರಿಗೆ ಮಂತ್ರಿಗಳಿಗೂ ಹೋಗಲಿ.