ಗಂಧಕ್ಕೆ ಲಿಂಗಭೇದವುಂಟೆ?

ಪುರುಷರು ಸುಗಂಧವನ್ನು ಧರಿಸುವ ವಿಷಯದಲ್ಲಿ ಈಗ ನಮ್ಮ ನಡುವೆ ಎರಡು ಪಕ್ಷಗಳು ಹುಟ್ಟಿಕೊಂಡಿವೆ. ಒಂದು ನನ್ನ ಓರಗೆಯ ವೃದ್ಧರದು, ಇನ್ನೊಂದು ತರುಣರದು. ಗಂಡಸಾದವನು ಮೈಗೆ ಪರಿಮಳವನ್ನು ಹಚ್ಚಿಕೊಂಡು ತಿರುಗುವುದು ಸ್ತ್ರೈಣವೆಂದೂ, ಅದು ಪಶ್ಚಿಮದಿಂದ ಬಂದ ವಿಲಾಸವೆಂದೂ ವೃದ್ಧರು ಮೂಗು ಮುರಿಯುತ್ತಾರೆ. ತರುಣರಾದರೋ, ಮಲ್ಲಿಗೆ ಗುಲಾಬಿಗಳ ಪರಿಮಳವು ಹೆಂಗಸರಿಗೆ ಸಲ್ಲತಕ್ಕದ್ದು. ಹೊಗೆಸೊಪ್ಪು, ಲವಂಗ, ಏಲಕ್ಕಿ, ಜಾಯಿಕಾಯಿ, ದೇವದಾರು, ಅಗರು ಮೊದಲಾದವುಗಳ ಬಿಸುಪಾದ ಗಂಧವು ಗಂಡಸಿನದು. ಅದನ್ನು ಧರಿಸಿದವನಿಗೆ ಗಾಂಭೀರ್ಯವೂ ಪೌರುಷವೂ ತಾವಾಗಿಯೇ ಒದಗುತ್ತವೆ ಎಂದು ವಾದಿಸುತ್ತಾರೆ. ಸೀಸೆಗಳ ಮೇಲೆಯೂ ಜಾಹೀರಾತುಗಳಲ್ಲಿಯೂ ‘ಗಂಡಸರಿಗಾಗಿ’ ಎಂಬ ಮಾತು ದಪ್ಪಕ್ಷರಗಳಲ್ಲಿ ಮೆರೆಯುತ್ತದೆ. ಮೇಲ್ನೋಟಕ್ಕೆ ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾದವು. ಆದರೆ ಎರಡರ ಬುಡದಲ್ಲಿಯೂ ಇರುವ ತಪ್ಪು ಒಂದೇ: ಗಂಧದಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂದು ಎರಡೂ ನಂಬಿವೆ. ಈ ನಂಬಿಕೆಗೆ ಶಾಸ್ತ್ರದಲ್ಲಿಯಾಗಲಿ ಲೋಕದಲ್ಲಿಯಾಗಲಿ ಆಧಾರವಿಲ್ಲವೆಂದೂ, ಅದರಿಂದ ನಮ್ಮ ಹುಡುಗರಿಗೆ ಕೇಡುಂಟೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನನ್ನ ಓರಗೆಯವರ ಪಕ್ಷವನ್ನು ಪರಿಶೀಲಿಸೋಣ. ಇವರು ಪ್ರಮಾಣವಾಗಿ ಮುಂದಿಡುವುದು ಮನುಸ್ಮೃತಿಯನ್ನು. ಬ್ರಹ್ಮಚಾರಿಯು ವರ್ಜಿಸಬೇಕಾದ ವಸ್ತುಗಳಲ್ಲಿ ಮಧುಮಾಂಸಗಳೊಡನೆ ಗಂಧಮಾಲ್ಯಗಳನ್ನೂ ಮನುವು ಎಣಿಸಿರುವುದು ನಿಜ. ಆದರೆ ಆ ನಿಷೇಧವು ಆಶ್ರಮಕ್ಕೆ ಸಂಬಂಧಿಸಿದುದೇ ಹೊರತು ಪುಂಸ್ತ್ವಕ್ಕೆ ಸಂಬಂಧಿಸಿದುದಲ್ಲ. ವಿದ್ಯೆಯನ್ನು ಮುಗಿಸಿದ ದಿನ, ಸಮಾವರ್ತನದಲ್ಲಿ, ಸ್ನಾತಕನು ಮಿಂದು ಅನುಲೇಪನವನ್ನು ಹಚ್ಚಿಕೊಂಡು ಮಾಲೆಯನ್ನು ಧರಿಸತಕ್ಕದ್ದೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ಎಂದರೆ, ಗಂಧವು ಹುಡುಗನು ಗೃಹಸ್ಥನಾಗಲು ಯೋಗ್ಯನಾದುದರ ಕುರುಹು. ವಾತ್ಸ್ಯಾಯನನು ನಾಗರಕನ ದಿನಚರಿಯನ್ನು ವರ್ಣಿಸುವಾಗ ದಂತಧಾವನದ ತರುವಾಯ ಅನುಲೇಪನವನ್ನು ಹೇಳಿದ್ದಾನೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳ ನಡುವೆ ವಿಲೇಪನಕ್ಕೂ ಧೂಪಕ್ಕೂ ಬೇರೆ ಬೇರೆ ಪ್ರಕರಣಗಳುಂಟು. ಅವನಿಗಿಂತ ಒಂದು ಶತಮಾನದ ಹಿಂದೆ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ‘ಲೋಕೋಪಕಾರ’ದಲ್ಲಿ ಕೃಷಿ, ಪಾಕ, ಪಶುವೈದ್ಯಗಳ ಸಾಲಿನಲ್ಲಿ ಗಂಧಯುಕ್ತಿಗೂ ಸ್ಥಳವುಂಟು. ಹೀಗಿರುವಲ್ಲಿ ಗಂಡಸಿನ ಸುಗಂಧವನ್ನು ಪರದೇಶದ ಸರಕೆಂದು ಹೇಳುವುದು ನಮ್ಮ ಮನೆಯ ಪೆಟ್ಟಿಗೆಯನ್ನು ನಾವೇ ತೆರೆದು ನೋಡದ ಅಲಸ್ಯ. ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಕೈಗೆ ಗಂಧವನ್ನಿತ್ತಾಗ ಯಾವ ವೃದ್ಧರು ತಾನೇ ಕೈಯನ್ನು ಹಿಂದೆಗೆದಿದ್ದಾರೆ? ಅಷ್ಟೇ ಅಲ್ಲ, ತರುಣರು ಹೊಗೆಸೊಪ್ಪಿನ ವಾಸನೆಯನ್ನು ಹಚ್ಚಿಕೊಳ್ಳುತ್ತಾರೆಂದು ಆಕ್ಷೇಪಿಸುವ ಕೆಲವರು ಆ ಆಕ್ಷೇಪಣೆಯ ನಡುವೆಯೇ ಸೊಂಟದಿಂದ ನಶ್ಯದ ಡಬ್ಬಿಯನ್ನು ತೆಗೆಯುವುದನ್ನೂ ಕಂಡಿದ್ದೇನೆ.

ಇನ್ನು ತರುಣರ ಪಕ್ಷ. ಗಂಧವು ಪೃಥಿವಿಯ ವಿಶೇಷಗುಣವೆಂದೂ, ಅದು ಸುರಭಿ ಅಸುರಭಿ ಎಂದು ಎರಡೇ ಬಗೆಯೆಂದೂ ನೈಯಾಯಿಕರು ಹೇಳುತ್ತಾರೆ. ಪದಾರ್ಥಗಳನ್ನು ಸೀಳಿ ಸೀಳಿ ವಿಭಾಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೂ ಪುರುಷಗಂಧ, ಸ್ತ್ರೀಗಂಧ ಎಂಬ ವಿಭಾಗವು ಅವರಿಗೆ ಹೊಳೆಯಲಿಲ್ಲ. ವೈಯಾಕರಣರನ್ನು ಕೇಳಿದರೆ, ಗಂಧ, ಪರಿಮಳ, ಆಮೋದ ಶಬ್ದಗಳು ಪುಲ್ಲಿಂಗ, ವಾಸನಾ ಶಬ್ದವು ಸ್ತ್ರೀಲಿಂಗ, ಸೌರಭವು ನಪುಂಸಕವೆನ್ನುತ್ತಾರೆ. ಹೆಂಡತಿಯೆಂಬ ಅರ್ಥದ ದಾರಶಬ್ದವನ್ನು ಪುಲ್ಲಿಂಗದಲ್ಲಿಟ್ಟ ಭಾಷೆ ಅದು. ಅಲ್ಲಿಯ ಲಿಂಗದಿಂದ ಲೋಕವನ್ನು ಅಳೆಯಲಾಗದು. ಅರ್ಥವನ್ನನುಸರಿಸಿ ಲಿಂಗವನ್ನು ನಿಶ್ಚಯಿಸುವ ನಮ್ಮ ಕನ್ನಡದಲ್ಲಾದರೋ ಗಂಧವು ನಿಸ್ಸಂದೇಹವಾಗಿ ನಪುಂಸಕ. ಈ ಒಂದು ವಿಷಯದಲ್ಲಿ ವ್ಯಾಕರಣವೂ ಮೂಗೂ ಒಂದೇ ಮಾತನ್ನು ಹೇಳುತ್ತವೆ.

ಹಾಗಾದರೆ ನಮ್ಮ ಪೂರ್ವಿಕರು ಸುಗಂಧಗಳನ್ನು ವಿಂಗಡಿಸಲೇ ಇಲ್ಲವೆ? ವಿಂಗಡಿಸಿದರು, ಋತುವನ್ನು ನೋಡಿ. ವಾಗ್ಭಟನು ಋತುಚರ್ಯೆಯಲ್ಲಿ ಹೇಮಂತಕ್ಕೆ ಕುಂಕುಮಕೇಸರಿಯನ್ನೂ ಕಸ್ತೂರಿಯನ್ನೂ ಅಗರುವಿನ ಧೂಪವನ್ನೂ ಹೇಳಿ, ಗ್ರೀಷ್ಮಕ್ಕೆ ಚಂದನವನ್ನು ಹೇಳಿದನು. ಚಳಿಗೆ ಬಿಸುಪಾದುದು, ಬೇಸಗೆಗೆ ತಂಪಾದುದು. ಇದು ಮೈಯ ಹಿತವನ್ನೂ ಕಾಲವನ್ನೂ ಕಂಡು ಮಾಡಿದ ವಿಭಾಗ. ಈಗ ಗಂಡಸಿನ ಸ್ವತ್ತೆಂದು ಹೇಳುವ ಅಗರುವಿನ ಹೊಗೆಯನ್ನು ಕಾಳಿದಾಸನು ‘ಋತುಸಂಹಾರ’ದ ಹೇಮಂತವರ್ಣನೆಯಲ್ಲಿ ಹೆಂಗಸರ ತಲೆಗೂದಲಿಗೆ ಹಾಕಿಸಿದ್ದಾನೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ಗಂಧಯುಕ್ತಿಯಲ್ಲಿ 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿ ಬೆರಸುವ ಲೆಕ್ಕವೊಂದಿದೆ, ಆರಿಸುವ ಬಗೆಗಳೇ 1,820 ಆಗುತ್ತವೆ, ಒಂದೊಂದರ ಭಾಗಗಳನ್ನು ಹೆಚ್ಚುಕಡಿಮೆ ಮಾಡುತ್ತ ಹೋದರೆ ಗಂಧಗಳ ಸಂಖ್ಯೆ ಸಾವಿರಗಳನ್ನು ದಾಟಿ ಲಕ್ಷದೆಡೆಗೆ ಏರುತ್ತದೆ. ಇಷ್ಟು ಎಣಿಸಿದ ಜ್ಯೋತಿಷಿಗೂ ಅವುಗಳನ್ನು ಗಂಡು ಹೆಣ್ಣೆಂದು ಎರಡು ಗೂಡೆಗಳಿಗೆ ತುಂಬಬೇಕೆಂದು ತೋರಲಿಲ್ಲ.

ಇದೆಲ್ಲವೂ ಹಳೆಯ ಪುರಾಣ, ಈ ಗಂಧಗಳು ಪಶ್ಚಿಮದಲ್ಲಿ ಹುಟ್ಟಿದವು, ಅಲ್ಲಿಯ ಸಂಪ್ರದಾಯವೇ ಪ್ರಮಾಣ, ಎಂದು ತರುಣರು ಹೇಳಬಹುದು. ಒಳ್ಳೆಯದು, ಪಶ್ಚಿಮಕ್ಕೇ ಹೋಗೋಣ. ಹೊಗೆಸೊಪ್ಪಿನ ಹೆಸರನ್ನು ಹೊತ್ತು ಪ್ರಸಿದ್ಧವಾದ ಹಳೆಯ ಸುಗಂಧಗಳಲ್ಲಿ ಒಂದು, ಪ್ಯಾರಿಸ್ ನಗರದ ಕಾರೋಂ ಸಂಸ್ಥೆಯವರು 1919ರಲ್ಲಿ ಹೊರತಂದ ‘ತಬಾ ಬ್ಲೋಂ’. ಅದು ಯಾರಿಗಾಗಿ? ಆಗತಾನೇ ಬಹಿರಂಗವಾಗಿ ಸಿಗರೇಟು ಸೇದತೊಡಗಿದ್ದ ಹೆಂಗಸರಿಗಾಗಿ! ಮಸಾಲೆಯ ಪರಿಮಳಕ್ಕೆ ಗಂಡಸುತನದ ಮುದ್ರೆಯೊತ್ತಿದ ಅಮೆರಿಕದ ‘ಓಲ್ಡ್ ಸ್ಪೈಸ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಶಲ್ಟನ್ ಸಂಸ್ಥೆಯವರು ಆ ಹೆಸರಿನಲ್ಲಿ 1937ರಲ್ಲಿ ಮೊದಲು ಮಾರಿದ್ದು ಹೆಂಗಸರ ಸುಗಂಧವನ್ನು; ಅದರ ಸ್ಥಾಪಕನಿಗೆ ಪ್ರೇರಣೆಯಾದದ್ದು ತನ್ನ ತಾಯಿಯು ಮನೆಯಲ್ಲಿಡುತ್ತಿದ್ದ ಒಣಹೂಗಳ ಮತ್ತು ಮಸಾಲೆಗಳ ಪಾತ್ರೆಯ ನೆನಪಂತೆ. ಗಂಡಸರ ಸೀಸೆ ಬಂದದ್ದು ಮರುವರ್ಷ, 1938ರಲ್ಲಿ. ತಾಯಿಯ ಮನೆಯ ಪರಿಮಳವು ಒಂದೇ ವರ್ಷದಲ್ಲಿ ಹೆಸರನ್ನು ಬದಲಾಯಿಸದೆಯೇ ಮಗನ ಪೌರುಷವಾಯಿತು. ಟಾಮ್ ಫೋರ್ಡ್ ಸಂಸ್ಥೆಯವರು 2007ರಲ್ಲಿ ತಂದ ‘ಟೊಬ್ಯಾಕೊ ವೆನೀಲ್’ ಎಂಬುದನ್ನು, ನಮ್ಮ ತರುಣರು ಗಂಡುಗಂಧದ ಮಾದರಿಯೆಂದು ಹೊಗಳುವುದನ್ನು, ಅದನ್ನು ಮಾಡಿದವರೇ ಸ್ತ್ರೀಪುರುಷರಿಬ್ಬರಿಗೂ ಎಂದು ಮಾರಿದರು. ಆದುದರಿಂದ ಈ ಭೇದವು ಪಶ್ಚಿಮದ ಸಂಪ್ರದಾಯವೂ ಅಲ್ಲ, ಅಂಗಡಿಯ ಸಂಪ್ರದಾಯ. ಒಂದೇ ಮನೆಗೆ ಒಂದು ಸೀಸೆಯ ಬದಲು ಎರಡನ್ನು ಮಾರಬೇಕಾದವನಿಗೆ ಲಿಂಗಭೇದವು ಬಹಳ ಉಪಕಾರಿ.

ಸೀಸೆಯೊಳಗಿರುವುದಾದರೂ ಏನು? ಹದಮಾಡಿದ ಹೊಗೆಸೊಪ್ಪಿನಿಂದ ಸಾರವನ್ನು ತೆಗೆಯುವುದುಂಟು. ಆದರೆ ಹೊಗೆಸೊಪ್ಪೆಂದು ಮಾರುವ ಗಂಧವನ್ನು ಅದರ ಸೋಂಕೂ ಇಲ್ಲದೆ ಕಟ್ಟಬಹುದು. ಒಣಹುಲ್ಲಿನ, ಜೇನಿನ, ಒಣಹಣ್ಣಿನ ವಾಸನೆಗಳನ್ನು ಹೊಂದಿಸಿದರೆ ಮೂಗಿಗೆ ಹೊಗೆಸೊಪ್ಪಿನ ಭ್ರಮೆಯಾಗುತ್ತದೆ. ಅದಕ್ಕೆ ಬಹಳವಾಗಿ ಬಳಸುವ ಕೂಮರಿನ್ ಎಂಬ ವಸ್ತುವನ್ನು ಪರ್ಕಿನ್ ಎಂಬ ಆಂಗ್ಲ ರಸಾಯನಜ್ಞನು 1868ರಲ್ಲಿಯೇ ಕೃತಕವಾಗಿ ತಯಾರಿಸಿದನು. ಕೃತಕವೆಂಬ ಕಾರಣದಿಂದಲೇ ಅದು ಹೇಯವೆಂದು ನಾನು ಹೇಳುವುದಿಲ್ಲ, ಕೌಶಲವು ಕೌಶಲವೇ. ಹದವಾದ ಸೊಪ್ಪಿನ ವಾಸನೆಯು ಹಿತವಾದುದೆಂಬುದನ್ನೂ ಅಲ್ಲಗಳೆಯಲಾರೆ. ನನ್ನ ಪ್ರಶ್ನೆ ಇಷ್ಟೆ: ಹುಲ್ಲು, ಜೇನು, ದ್ರಾಕ್ಷಿಗಳ ವಾಸನೆಯನ್ನು ಆ ಹೆಸರುಗಳಿಂದಲೇ ಏಕೆ ಮಾರುವುದಿಲ್ಲ? ‘ಒಣಹುಲ್ಲು’ ಎಂಬ ಹೆಸರಿನ ಸೀಸೆಗೆ ಹಲವು ಸಾವಿರ ರೂಪಾಯಿಗಳನ್ನು ಕೊಡುವ ಗಂಡಸು ಸಿಗಲಾರನು ಎಂಬುದೇ ಉತ್ತರ. ಅವನು ಕೊಳ್ಳುವುದು ಹೆಸರನ್ನು. ಆ ಹೆಸರಿನೊಳಗೆ ಅಡಗಿಸಿಟ್ಟಿರುವ, ಚರ್ಮದ ಕುರ್ಚಿಯಲ್ಲಿ ಒರಗಿ ಚುಟ್ಟವನ್ನು ಸೇದುವ ಧನಿಕನ ಚಿತ್ರವನ್ನು.

ನನ್ನ ಮುಖ್ಯವಾದ ಆಕ್ಷೇಪಣೆಯಿರುವುದು ಇಲ್ಲಿಯೇ. ಹೊಗೆಸೊಪ್ಪು ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರು ತರುವ ಮುನ್ನ ನಮ್ಮ ದೇಶವು ಅದನ್ನು ಕಂಡಿರಲಿಲ್ಲ. ಅಮರಸಿಂಹನ ಕೋಶದಲ್ಲಿ ಅದಕ್ಕೆ ಹೆಸರೂ ಇಲ್ಲ. ಪಂಪನ ವಿಕ್ರಮಾರ್ಜುನನು ಅದರ ನೆರವಿಲ್ಲದೆಯೇ ಶೂರನಾಗಿದ್ದನು. ಅದನ್ನು ಪೌರುಷದ ಲಕ್ಷಣವೆಂದು ಮಾಡಿದ್ದು ಸಿಗರೇಟಿನ ವ್ಯಾಪಾರ. ಅದರಿಂದ ಬಾಯಿ, ಗಂಟಲು, ಶ್ವಾಸಕೋಶಗಳಲ್ಲಿ ಅರ್ಬುದರೋಗವು ಹುಟ್ಟುವುದೆಂದು ಸ್ಥಿರಪಟ್ಟ ಮೇಲೆ, 2003ರ ಕಾಯಿದೆಯು ಹೊಗೆಸೊಪ್ಪಿನ ಜಾಹೀರಾತುಗಳನ್ನು ಬಹುಮಟ್ಟಿಗೆ ನಿಷೇಧಿಸಿತು. ವಿದ್ಯಾಲಯಗಳಿಂದ ನೂರು ಗಜದೊಳಗೆ ಅದನ್ನು ಮಾರಕೂಡದೆಂದೂ ವಿಧಿಸಿತು. ಅಂಗಡಿಯನ್ನು ನೂರು ಗಜ ಆಚೆಗೆ ನೂಕಿದೆವು; ಆದರೆ ‘ಹೊಗೆಸೊಪ್ಪೆಂದರೆ ಗಂಡಸುತನ’ ಎಂಬ ಮಾತು ಸುಗಂಧದ ಸೀಸೆಯಲ್ಲಿ ಕುಳಿತು, ಹುಡುಗನ ಚೀಲದಲ್ಲಿ ತರಗತಿಯ ಒಳಗೇ ಬರುತ್ತಿದೆ. ಕಾಯಿದೆಯು ಎಲೆಯನ್ನು ತಡೆಯಬಲ್ಲದು, ಎಲೆಯ ಕೀರ್ತಿಯನ್ನು ತಡೆಯಲಾರದು.

ನಮ್ಮ ಜಿಲ್ಲೆಯವರು ಇದನ್ನು ಇನ್ನೂ ಹತ್ತಿರದಿಂದ ಬಲ್ಲರು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಬೆಳೆದು ಬ್ಯಾರನ್ನುಗಳಲ್ಲಿ ಹದಮಾಡುವ ರೈತನು ಸೌದೆಯುರಿಯ ಮುಂದೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತಿರುತ್ತಾನೆ. ಉರಿ ಹೆಚ್ಚಿದರೆ ಸೊಪ್ಪು ಕೆಟ್ಟಿತು, ಇಳಿದರೂ ಕೆಟ್ಟಿತು. ಹಸಿಸೊಪ್ಪನ್ನು ಮುರಿಯುವ ಆಳುಗಳಿಗೆ ಅದರ ರಸವು ಚರ್ಮದಲ್ಲಿಳಿದು ತಲೆಸುತ್ತು ವಾಕರಿಕೆಗಳು ಬರುವುದುಂಟು. ಆ ಮನೆಯ ಬಟ್ಟೆಬರೆಗಳಿಗೆಲ್ಲ ಯಾವ ಸೀಸೆಯೂ ಇಲ್ಲದೆ ಅದೇ ವಾಸನೆ ಹತ್ತಿರುತ್ತದೆ. ಅವನನ್ನು ಯಾರೂ ಅದಕ್ಕಾಗಿ ಗಂಭೀರಪುರುಷನೆಂದು ಕರೆದುದಿಲ್ಲ. ಪೇಟೆಯಲ್ಲಿ ಪಕ್ಕದವರು ಸ್ವಲ್ಪ ಸರಿದು ಕುಳಿತುಕೊಳ್ಳುತ್ತಾರೆ. ಒಂದೇ ವಾಸನೆ ಬಡವನ ಮೈಯಲ್ಲಿ ನಾತವೂ ಧನಿಕನ ಮೈಯಲ್ಲಿ ಪೌರುಷವೂ ಆಗುವುದಾದರೆ, ನಾವು ಗೌರವಿಸುತ್ತಿರುವುದು ಗಂಡಸುತನವನ್ನೋ ಹಣವನ್ನೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

“ಸುಗಂಧವನ್ನು ಹಚ್ಚಿಕೊಂಡ ಮಾತ್ರಕ್ಕೆ ಹುಡುಗನು ಸಿಗರೇಟು ಸೇದುತ್ತಾನೆಯೆ? ಇದು ಪಂಡಿತರ ಅತಿಶಂಕೆ” ಎಂದು ಕೆಲವರು ನಗಬಹುದು. ಹಚ್ಚಿಕೊಂಡವರೆಲ್ಲ ಸೇದುತ್ತಾರೆಂಬ ವ್ಯಾಪ್ತಿಯನ್ನು ನಾನು ಹೇಳಿಲ್ಲ. ಆದರೆ ಮೀಸೆ ಮೂಡುವ ವಯಸ್ಸಿನ ಹುಡುಗನು ಗಂಡಸಾಗುವುದು ಹೇಗೆಂದು ಹಗಲಿರುಳೂ ಹುಡುಕುತ್ತಿರುತ್ತಾನೆಂಬುದನ್ನು ಬಹುಕಾಲ ಪಾಠ ಹೇಳಿದವನಾಗಿ ಬಲ್ಲೆ. ಆ ವಯಸ್ಸಿನಲ್ಲಿ ಯಾವ ಮಾತು ಪೌರುಷದೊಡನೆ ಜೋಡಿಯಾಗಿ ಕಿವಿಗೆ ಬೀಳುತ್ತದೆಯೋ ಅದು ಬೇಗ ಅಳಿಯುವುದಿಲ್ಲ. ಅವನಿಗೆ ಕೊಟ್ಟ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು, ತಂಗಿಯ ಎದುರು ದನಿಯೇರಿಸದಿರುವುದು, ಸೋತಾಗ ಅಳುಕದೆ ನಗುವುದು ಇವನ್ನು ಗಂಡಸುತನವೆಂದು ಕಲಿಸಬೇಕಾದ ನಾವು, ಅದನ್ನು ಕತ್ತಿಗೆ ಸಿಂಪಡಿಸಿಕೊಳ್ಳಬಹುದೆಂದು ಕಲಿಸಲು ಅಂಗಡಿಯವನಿಗೆ ಬಿಟ್ಟಿದ್ದೇವೆ.

ಕಡೆಯದಾಗಿ ಮಿತಿಯ ಮಾತು. ಈಗಿನ ರಸಿಕರು ಸುಗಂಧವನ್ನು ಹೊಗಳುವಾಗ ಅದು ಎಷ್ಟು ಗಂಟೆ ನಿಲ್ಲುತ್ತದೆ, ಎಷ್ಟು ಮೊಳದ ದೂರಕ್ಕೆ ಹರಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇದು ತೋಪಿನ ಗುಣವರ್ಣನೆಯೇ ಹೊರತು ಗಂಧದ್ದಲ್ಲ. ಕಣ್ಣನ್ನು ಮುಚ್ಚಿಕೊಳ್ಳಬಹುದು, ಮೂಗನ್ನು ಮುಚ್ಚಿದವನು ಎಷ್ಟು ಹೊತ್ತು ಬದುಕಿಯಾನು? ವೈಶಾಖದ ಮಧ್ಯಾಹ್ನ, ಕಿಕ್ಕಿರಿದ ಬಸ್ಸಿನಲ್ಲಿ, ಲವಂಗ ಹೊಗೆಸೊಪ್ಪುಗಳ ಬಿಸುಪಾದ ಗಂಧವನ್ನು ಧಾರಾಳವಾಗಿ ಸುರಿದುಕೊಂಡ ಒಬ್ಬ ತರುಣನಿದ್ದರೆ ಉಳಿದವರ ಪಾಡನ್ನು ಅನುಭವಿಸಿದವರೇ ಬಲ್ಲರು; ಉಬ್ಬಸದವರ ಪಾಡಂತೂ ಹೇಳತೀರದು. ವಾತ್ಸ್ಯಾಯನನು ವಿಲಾಸಿಯಾದ ನಾಗರಕನಿಗೂ ಅನುಲೇಪನವನ್ನು ಮಿತವಾಗಿ ಎಂದೇ ಹೇಳಿದ್ದಾನೆ. ನಮ್ಮಲ್ಲಿ ಗಂಧವು ಷೋಡಶೋಪಚಾರಗಳಲ್ಲಿ ಒಂದು. ದೇವರಿಗೆ ಅರ್ಪಿಸುವುದು, ಅತಿಥಿಗೆ ಕೊಡುವುದು. ಇನ್ನೊಬ್ಬರಿಗೆ ಸಂತೋಷವಾಗಲೆಂಬುದೇ ಅದರ ಪ್ರಯೋಜನ. ನೆರೆಯವನ ತಲೆನೋವಿಗೆ ಕಾರಣವಾದ ಗಂಧವು, ಅದರ ಬೆಲೆ ಎಷ್ಟೇ ಇರಲಿ, ನೈಯಾಯಿಕರ ಎರಡನೆಯ ಬಗೆಗೆ ಸೇರಿದುದು.

ಆದುದರಿಂದ ಸಿದ್ಧಾಂತವಿಷ್ಟು. ವೃದ್ಧರು ಗಂಡಸಿನ ಸುಗಂಧವನ್ನು ಕಂಡು ಹೌಹಾರುವುದನ್ನು ಬಿಡಲಿ. ಅದು ಅವರ ಅಜ್ಜಂದಿರ ಸ್ವತ್ತು. ತರುಣರು ಮೂಗಿಗೆ ಹಿತವಾದುದನ್ನು ಋತುವನ್ನು ನೋಡಿ ಧರಿಸಲಿ. ಮಾಗಿಯಲ್ಲಿ ಏಲಕ್ಕಿ ಅಗರುಗಳನ್ನು, ಬೇಸಗೆಯಲ್ಲಿ ಗಂಧವನ್ನೋ ಲಾಮಂಚವನ್ನೋ. ಮನಸ್ಸು ಬಯಸಿದರೆ ಮಲ್ಲಿಗೆಯನ್ನೂ ಧರಿಸಲಿ, ಅದರಿಂದ ಯಾರ ಮೀಸೆಯೂ ಉದುರುವುದಿಲ್ಲ. ಕೈಕುಲುಕುವಷ್ಟು ಹತ್ತಿರ ಬಂದವನಿಗೆ ತಿಳಿದರೆ ಸಾಕು, ಬೀದಿಗೆಲ್ಲ ಸಾರಬೇಕಾಗಿಲ್ಲ. ಆದರೆ ಗಂಧವನ್ನು ಕೊಳ್ಳುವಾಗ ಗಂಧವನ್ನೇ ಕೊಳ್ಳಲಿ, ಪೌರುಷವನ್ನು ಕೊಳ್ಳಲು ಹೋಗದಿರಲಿ. ಅದನ್ನು ಯಾವ ದೇಶದ ಅಂಗಡಿಯಲ್ಲಿಯೂ ಮಾರುವುದಿಲ್ಲ. ತಂದೆತಾಯಿಗಳು ಮಗನ ಹುಟ್ಟುಹಬ್ಬಕ್ಕೆ ಸೀಸೆಯನ್ನು ಆರಿಸುವಾಗ ಅದರ ಮೇಲಿನ ಹೆಸರನ್ನೊಮ್ಮೆ ಓದಲಿ. ಅಲಮತಿವಿಸ್ತರೇಣ.