ಹಿಮದ ಮೇಲಿನ ಮೇಷ್ಟ್ರಿಗೆ ಪರೀಕ್ಷೆಯಿದೆ, ನಮಗೇಕಿಲ್ಲ?

ಕಳೆದ ಚಳಿಗಾಲದಲ್ಲಿ ನಾನು ಒಂದು ಪರೀಕ್ಷೆಯಲ್ಲಿ ಅರ್ಧ ಪಾಸಾದೆ. ದಾವಣಗೆರೆಯ ಬಿಸಿಲಲ್ಲಿ ಬೆಳೆದು ಈಗ ಕೆನಡಾದ ಆಲ್ಬರ್ಟಾದಲ್ಲಿ ಪಿಎಚ್.ಡಿ. ಮಾಡುತ್ತಿರುವವನು ನಾನು. ಸ್ನೋಬೋರ್ಡ್ ಕಲಿಸುವ ಮೊದಲ ಹಂತದ ಅರ್ಹತೆಗೆಂದು ಮೂರು ದಿನದ ಕೋರ್ಸಿಗೆ ಸೇರಿದ್ದೆ. ಜಾರುವುದರಲ್ಲಿ ಪಾಸು, ಕಲಿಸುವುದರಲ್ಲಿ ಫೇಲು. ನಾಳೆ ಸಾಹಿತ್ಯದ ಮೇಷ್ಟ್ರಾಗಬೇಕೆಂದು ಹೊರಟವನಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು?

ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ನಕ್ಕ. ‘ಅಲ್ಲೋ ಮಾರಾಯ, ಮಕ್ಕಳಿಗೆ ಐಸ್ ಮೇಲೆ ಜಾರೋದು ಹೇಳಿಕೊಡೋಕೂ ಪರೀಕ್ಷೆಯಾ? ನೆಟ್ ಪಾಸಾದವನಿಗೆ?’

ಅವನ ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಹೌದು, ನಾನು ನೆಟ್ ಪಾಸಾಗಿದ್ದೇನೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100. ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ಮೊದಲ ಪತ್ರಿಕೆಯಲ್ಲಿ ‘ಬೋಧನಾ ಸಾಮರ್ಥ್ಯ’ ಎಂಬ ಘಟಕವೂ ಇದೆ. ಒಳ್ಳೆಯ ಅಧ್ಯಾಪಕನ ಲಕ್ಷಣ ಯಾವುದೆಂದು ಅಲ್ಲಿ ಗುರುತು ಹಾಕಿ ಬಂದಿದ್ದೇನೆ. ಆ ಗುರುತಿನ ಬಲದ ಮೇಲೆ ನಾನು ಸಹಾಯಕ ಪ್ರಾಧ್ಯಾಪಕನಾಗಲು ಅರ್ಹ, ಮೂವತ್ತೈದು ವರ್ಷ ತರಗತಿಯಲ್ಲಿ ನಿಲ್ಲಬಹುದು. ನಾನು ಒಂದು ನಿಮಿಷ ಪಾಠ ಮಾಡಿದ್ದನ್ನೂ ಯಾರೂ ನೋಡಿರಲಿಲ್ಲ.

ಇಲ್ಲಿ ಏನಾಯಿತೆಂದು ಹೇಳುತ್ತೇನೆ. ಕೆನಡಾದ ಸ್ನೋಬೋರ್ಡ್ ಬೋಧಕರ ಸಂಘ ಶುರುವಾದದ್ದು 1994ರಲ್ಲಿ. ಅದರ ಮೊದಲ ಹಂತದ ಪ್ರಮಾಣಪತ್ರ ಪಡೆದವರು ಹೊಸಬರಿಗೆ ಮಾತ್ರ ಕಲಿಸಬಹುದು. ಕಲಿಕೆಯ ಕ್ರಮಕ್ಕೆ ಅವರು ಐದು ಮೆಟ್ಟಿಲು ಹಾಕಿದ್ದಾರೆ: ಮೂಲಪಾಠ, ಜಾರುವಿಕೆ, ಹತೋಟಿ, ತಿರುವು, ಹರಿವು. ಸ್ನೋಬೋರ್ಡಿನ ಕಷ್ಟವೇನೆಂದರೆ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ಇಳಿಜಾರಿನ ಕಡೆಯ ಅಂಚು ಒಮ್ಮೆ ಹಿಮಕ್ಕೆ ಕಚ್ಚಿಕೊಂಡರೆ ಯೋಚಿಸಲು ಸಮಯವೇ ಇಲ್ಲ, ದೊಪ್ಪನೆ ಬೀಳುತ್ತೀರಿ. ಹೊಸಬರು ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವುದು ಹೀಗೇ. ಹಾಗಾಗಿ ಕಲಿಸುವವನ ತಪ್ಪು ಇಲ್ಲಿ ಕಲಿಯುವವನ ಎಲುಬಿನಲ್ಲಿ ಕಾಣಿಸುತ್ತದೆ. ನಮ್ಮ ತರಗತಿಗಳಲ್ಲಿ ಅದು ಎಲ್ಲಿ ಕಾಣಿಸುತ್ತದೆ? ಗೈಡುಗಳ ಮಾರಾಟದಲ್ಲಿ, ಅಷ್ಟೆ.

ಪರೀಕ್ಷೆಯಲ್ಲಿ ಸಹ ಅಭ್ಯರ್ಥಿಗಳೇ ಹೊಸಬರಂತೆ ನಟಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ‘ಉದುರುವ ಎಲೆ’. ಇಳಿಜಾರಿಗೆ ಮುಖಮಾಡಿ, ಹಿಮ್ಮಡಿಯ ಅಂಚಿನ ಮೇಲೆ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೇಲುತ್ತಾ ಇಳಿಯುವ ಅಭ್ಯಾಸ. ಮರದ ಎಲೆ ಬೀಳುತ್ತದಲ್ಲ, ಹಾಗೆ. ನಾನು ಶುರು ಹಚ್ಚಿಕೊಂಡೆ. ಗುರುತ್ವ ಕೇಂದ್ರ, ಅಂಚಿನ ಕೋನ, ಒತ್ತಡದ ಹಂಚಿಕೆ. ಚೆನ್ನಾಗಿಯೇ ಮಾತಾಡಿದೆ, ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಮೈನಸ್ 16 ಡಿಗ್ರಿಯಲ್ಲಿ ಏಳು ನಿಮಿಷ! ಮುಗಿಸಿದಾಗ ಮೌಲ್ಯಮಾಪಕಿ ಕೇಳಿದ್ದು ಒಂದೇ ಮಾತು: ‘ಮೂರನೆಯವಳ ಕಾಲು ನೋಡಿದೆಯಾ?’ ಅವಳ ಮುಂಗಾಲಿನ ಬೈಂಡಿಂಗ್ ಸಡಿಲವಾಗಿತ್ತು. ಬೇಕೆಂದೇ ಬಿಚ್ಚಿಕೊಂಡಿದ್ದಳಂತೆ. ನಾನು ನೋಡಿರಲಿಲ್ಲ. ನನ್ನ ಮಾತನ್ನು ನಾನೇ ಕೇಳಿಸಿಕೊಳ್ಳುತ್ತಿದ್ದೆ.

ನನ್ನ ನಂತರ ಬಂದ ಹುಡುಗನಿಗೆ 16 ವರ್ಷ. ಎಲ್ಲರ ಪಟ್ಟಿ ಎಳೆದು ನೋಡಿದ. ಎರಡು ವಾಕ್ಯ ಹೇಳಿದ, ಒಮ್ಮೆ ಮಾಡಿ ತೋರಿಸಿದ. ಆಮೇಲೆ ಪ್ರತಿಯೊಬ್ಬರ ಕೆಳಬದಿಗೆ ಹೋಗಿ ಕೈ ಚಾಚಿ ನಿಂತ. ಅವನು ಪಾಸಾದ. ಅವನ ಜಾರುವಿಕೆ ನನಗಿಂತ ದೊಡ್ಡದೇನೂ ಆಗಿರಲಿಲ್ಲ (ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಇರಬಹುದು).

ಈ ವ್ಯವಸ್ಥೆಯನ್ನು ಪೂಜಿಸಲು ನಾನು ಕೂತಿಲ್ಲ. ಬೋಧಕನಾಗಲು ದುಡ್ಡು ಕೊಡಬೇಕು, ಆದಮೇಲೆ ಸಿಗುವ ಸಂಬಳ ಅಷ್ಟಕ್ಕಷ್ಟೆ. ಉತ್ತರ ಅಮೆರಿಕದ ದೊಡ್ಡ ರೆಸಾರ್ಟುಗಳು ಒಂದು ದಿನದ ಖಾಸಗಿ ಪಾಠಕ್ಕೆ ಸಾವಿರ ಡಾಲರ್ ದಾಟಿಯೂ ವಸೂಲಿ ಮಾಡುತ್ತವೆ. ಅದರಲ್ಲಿ ಕಲಿಸಿದವನ ಕೈಗೆ ಬರುವುದು ಸಣ್ಣ ಪಾಲು. ಎಷ್ಟೋ ಕಡೆ ಪಾಠದ ಗಂಟೆಗೆ ಮಾತ್ರ ಕೂಲಿ, ಕಾದು ನಿಂತ ಗಂಟೆಗೆ ಇಲ್ಲ. ನಮ್ಮ ಅತಿಥಿ ಉಪನ್ಯಾಸಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಮದ ಮೇಲಿನ ಕೆಲಸಗಾರರು ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. 2024ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಪಾರ್ಕ್ ಸಿಟಿಯ ಸ್ಕೀ ಗಸ್ತಿನವರು ರಜೆಯ ಜನಜಂಗುಳಿಯ ನಡುವೆಯೇ ಮುಷ್ಕರ ಹೂಡಿ ವೇತನ ಹೆಚ್ಚಿಸಿಕೊಂಡರು.

ಆದರೆ ಆ ದೋಷಗಳನ್ನು ಮುಂದೆಮಾಡಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಬಲ್ಲವನು ತಾನಾಗಿ ಕಲಿಸಬಲ್ಲ ಎಂಬ ನಮ್ಮ ನಂಬಿಕೆ ಸೋಮಾರಿತನದ್ದು. ವಿದ್ವತ್ತಿಗೆ ಕೊಡುವ ಗೌರವದ ವೇಷದಲ್ಲಿ ಅದು ಓಡಾಡುತ್ತದೆ. 2022ರ ಯುಜಿಸಿ ಪಿಎಚ್.ಡಿ. ನಿಯಮಾವಳಿಯಲ್ಲಿ ಸಂಶೋಧಕರಿಗೆ ಬೋಧನೆಯ ತರಬೇತಿ ಇರಬೇಕೆಂದಿದೆ, ವಾರಕ್ಕೆ 4ರಿಂದ 6 ಗಂಟೆ ಬೋಧನಾ ಅಥವಾ ಸಂಶೋಧನಾ ಸಹಾಯಕ್ಕೆ ಹಚ್ಚಬಹುದೆಂದೂ ಇದೆ. ಸಂತೋಷ. ನನ್ನ ಓರಗೆಯ ಸಂಶೋಧಕರನ್ನು ಕೇಳಿ ನೋಡಿದೆ. ಪಾಠಕ್ಕೆ ಕಳಿಸಿದ್ದಾರೆ, ಹೌದು, ಗೈಡ್ ಮಹಾಶಯರು ರಜೆಯಲ್ಲಿದ್ದಾಗ. ಹಿಂದಿನ ಬೆಂಚಿನಲ್ಲಿ ಕೂತು, ಆಮೇಲೆ ‘ಇಲ್ಲಿ ತಪ್ಪಿದೆ’ ಎಂದವರು ಒಬ್ಬರೂ ಇಲ್ಲ. ಸಂದರ್ಶನಗಳಲ್ಲಿ ಕೆಲವೆಡೆ ಡೆಮೊ ಕ್ಲಾಸ್ ಕೇಳುತ್ತಾರೆ. ಅದನ್ನು ಕೇಳುವವರು ಆ ವಿಷಯ ಮೊದಲೇ ಬಲ್ಲ ಪ್ರೊಫೆಸರುಗಳು! ಈಜು ಬರುವವರನ್ನು ಕೆರೆಗಿಳಿಸಿ ಈಜು ಕಲಿಸಿದಂತೆ.

ಸಾಹಿತ್ಯ ಬೋಧನೆಯನ್ನು ಅಳೆಯಲಾಗದು, ಅದು ಸಂವೇದನೆಯ ವಿಷಯ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳೆಯಿರಿ ಎಂದು ನಾನೂ ಹೇಳುತ್ತಿಲ್ಲ, ನೋಡಿ ಎನ್ನುತ್ತಿದ್ದೇನೆ. ಅಭ್ಯರ್ಥಿಯ ಮುಂದೆ ಮೊದಲ ವರ್ಷದ ಬಿ.ಎ. ವಿದ್ಯಾರ್ಥಿಗಳು ಇಪ್ಪತ್ತು ಜನ ಕೂರಲಿ. ಹಳಗನ್ನಡದ ಒಂದು ಪದ್ಯ ಕೊಡಿ, ನಲವತ್ತು ನಿಮಿಷ ಕೊಡಿ. ತಜ್ಞರು ಹಿಂದಿನ ಬೆಂಚಿನಲ್ಲಿರಲಿ. ಅವನ ಪಾಂಡಿತ್ಯ ನೋಡಲು ಪ್ರಬಂಧ ಹೇಗೂ ಇದೆ. ಅಲ್ಲಿ ಕೂತವರು ನೋಡಬೇಕಾದದ್ದು, ಕಿಟಕಿ ಪಕ್ಕದ ಹುಡುಗಿಗೆ ಎರಡನೇ ಸಾಲಿನಲ್ಲೇ ದಾರಿ ತಪ್ಪಿದ್ದು ಅವನಿಗೆ ಕಂಡಿತೇ, ಕಂಡ ಮೇಲೆ ಅವನು ಏನು ಮಾಡಿದ ಎಂಬುದನ್ನು.